ಅಪರೂಪದ್ದು ಕಂಡರೆ ದಾಖಲಿಸುವುದು ಹೇಗೆ? ಒಂದು ಬಿಳಿ ಪಿಕಳಾರ, ಒಂದು ಚಿಪ್ಪುಹಂದಿ

ದಾರಿಹೋಕ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ನಾನು ಪ್ರಾಣಿಶಾಸ್ತ್ರ ಓದಿದವನಲ್ಲ. ಎರಡು ವರ್ಷದಿಂದ ಬೆಳಿಗ್ಗೆ ನಡೆಯಲು ಹೋದಾಗ ಹಕ್ಕಿ ನೋಡುವ ಅಭ್ಯಾಸ ಆಗಿದೆ. ಜೇಬಲ್ಲಿ ಒಂದು ಸಣ್ಣ ನೋಟ್‌ಬುಕ್ ಇರುತ್ತದೆ, ಕೈಯಲ್ಲಿ ಹಳೆಯ ಕ್ಯಾಮೆರಾ, ಅಷ್ಟೇ. ಕಳೆದ ಹದಿನೈದು ದಿನದಲ್ಲಿ ಎರಡು ಅಪರೂಪದ ನೋಟ ಸಿಕ್ಕಿತು. ಎರಡರಲ್ಲೂ ಏನು ಮಾಡಬೇಕು ಅಂತ ತಿಳಿಯದೆ ಕೂತಿದ್ದೇನೆ.

ಮೊದಲನೆಯದು ಒಂದು ಬಿಳಿ ಹಕ್ಕಿ. ಲಂಟಾನ ಪೊದೆಯ ಮೇಲೆ ಐದು ಪಿಕಳಾರಗಳು, ಅಂದರೆ ನಾವು ದಿನಾ ನೋಡುವ ಬುಲ್‌ಬುಲ್‌ಗಳು, ಹಣ್ಣು ತಿನ್ನುತ್ತಿದ್ದವು. ಅವುಗಳ ನಡುವೆ ಹಾಲಿಗೆ ಸ್ವಲ್ಪ ಚಹಾ ಬೆರೆಸಿದಂಥ ಬಣ್ಣದ್ದು ಒಂದು. ತಲೆ ಕೂಡ ಬಿಳಿ. ಆದರೆ ಬಾಲದ ಬುಡದಲ್ಲಿ ಕೆಂಪು ಹಾಗೇ ಇತ್ತು. ಉಳಿದ ಹಕ್ಕಿಗಳು ಅದನ್ನು ಓಡಿಸಲಿಲ್ಲ, ಜೊತೆಗೇ ಇಟ್ಟುಕೊಂಡಿದ್ದವು. ಹನ್ನೆರಡು ಫೋಟೋ ತೆಗೆದೆ, ಮೂರು ಮಾತ್ರ ಪರವಾಗಿಲ್ಲ ಅನ್ನುವ ಹಾಗೆ ಬಂದಿವೆ.

ಎರಡನೆಯದು ರಾತ್ರಿ ನಡೆದದ್ದು. ಗೆಳೆಯನ ಬೈಕಿನಲ್ಲಿ ಬರುತ್ತಿದ್ದೆವು. ದೀಪದ ಬೆಳಕಿನಲ್ಲಿ ಒಂದು ಚಿಪ್ಪುಹಂದಿ ರಸ್ತೆ ದಾಟಿತು. ಹತ್ತು ಸೆಕೆಂಡ್ ಇರಬಹುದು. ಫೋಟೋ ಇಲ್ಲ. ಫೋನ್ ತೆಗೆಯುವಷ್ಟರಲ್ಲಿ ಪೊದೆಯೊಳಗೆ ಹೋಗಿಬಿಟ್ಟಿತು. ನನಗೆ ಇನ್ನೂ ಎದೆ ಹೊಡೆದುಕೊಳ್ಳುತ್ತಿದೆ ಅನ್ನಿಸುತ್ತದೆ ಅದನ್ನು ನೆನೆದರೆ.

ಎರಡನ್ನೂ ಒಂದು ವಾಟ್ಸಾಪ್ ಗುಂಪಿನಲ್ಲಿ ಹಾಕಿದೆ. ಬಿಳಿ ಹಕ್ಕಿಯನ್ನು ಒಬ್ಬರು ಹೊಸ ಪ್ರಭೇದ ಅಂದರು. ಇನ್ನೊಬ್ಬರು ಸಾಕಿದ್ದು ತಪ್ಪಿಸಿಕೊಂಡು ಬಂದಿದೆ ಅಂದರು. ಫೋಟೋ ತಿದ್ದಿದ್ದೀರಿ ಅಂದವರೂ ಇದ್ದಾರೆ. ಚಿಪ್ಪುಹಂದಿ ವಿಷಯಕ್ಕೆ, ಫೋಟೋ ಇಲ್ಲದಿದ್ದರೆ ಸುಮ್ಮನಿರಿ ಅಂತ ಉತ್ತರ ಬಂತು. ಆಮೇಲೆ ಪರಿಚಯವೇ ಇಲ್ಲದ ಒಬ್ಬರು ಬೇರೆಯಾಗಿ ಮೆಸೇಜ್ ಮಾಡಿ, ಸರಿಯಾಗಿ ಎಲ್ಲಿ ಕಂಡಿದ್ದು, ಲೊಕೇಶನ್ ಕಳಿಸಿ ಅಂತ ಎರಡು ಸಲ ಕೇಳಿದರು. ನಾನು ಇನ್ನೂ ಉತ್ತರ ಕೊಟ್ಟಿಲ್ಲ.

ನನ್ನ ಪ್ರಶ್ನೆ ಇಷ್ಟು. ಇಂಥದ್ದು ಕಂಡಾಗ ಮುಂದೆ ಯಾರಿಗಾದರೂ ಉಪಯೋಗ ಆಗುವ ಹಾಗೆ ಬರೆದಿಡುವುದು ಹೇಗೆ? ಫೋಟೋ ಇಲ್ಲದ ನೋಟಕ್ಕೆ ಬೆಲೆ ಇದೆಯಾ? ಜಾಗ ಹೇಳಬೇಕಾ, ಬೇಡವಾ?

---

ಹಳೇದುರ್ಬೀನು

ಮೊದಲು ಒಂದು ಮಾತು. ಆ ಅಪರಿಚಿತರಿಗೆ ಉತ್ತರ ಕೊಡಬೇಡಿ. ಅದರ ಬಗ್ಗೆ ನನಗಿಂತ ಚೆನ್ನಾಗಿ ಹೇಳುವವರು ಇಲ್ಲಿದ್ದಾರೆ, ಅವರು ಬರೆಯುತ್ತಾರೆ.

ನಾನು ಬರೆಯುವ ವಿಷಯಕ್ಕೆ ಬರುತ್ತೇನೆ. ಇವತ್ತೇ, ಈ ಉತ್ತರ ಓದಿ ಮುಗಿಸುವ ಮೊದಲೇ ಬೇಕಾದರೂ, ಚಿಪ್ಪುಹಂದಿ ಕಂಡ ರಾತ್ರಿಯನ್ನು ಬರೆದಿಡಿ. ಹದಿನೈದು ದಿನದೊಳಗಿನ ನೆನಪಾದರೂ ಈಗಾಗಲೇ ಸ್ವಲ್ಪ ಸವೆದಿರುತ್ತದೆ. ನಿಮ್ಮ ಗೆಳೆಯರಿಗೂ ಫೋನ್ ಮಾಡಿ ಬೇರೆಯಾಗಿ ಬರೆಯಲು ಹೇಳಿ. ನೀವಿಬ್ಬರೂ ಮತ್ತೆ ಮಾತಾಡಿಕೊಳ್ಳುವ ಮೊದಲು ಬರೆಯಬೇಕು, ಇದು ಮುಖ್ಯ. ಇಬ್ಬರು ಕೂತು ಮಾತಾಡಿದರೆ ಒಬ್ಬರ ನೆನಪು ಇನ್ನೊಬ್ಬರದ್ದಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಯಾರು ಏನು ನೋಡಿದರು ಅಂತ ಬಿಡಿಸಲು ಆಗುವುದಿಲ್ಲ. ಬೇರೆ ಬೇರೆ ಬರೆದ ಎರಡು ಚೀಟಿಗಳು ಒಂದನ್ನೊಂದು ಹೋಲುತ್ತವೆ ಅಂದರೆ ಆ ನೋಟಕ್ಕೆ ತೂಕ ಬರುತ್ತದೆ.

ಏನು ಬರೆಯಬೇಕು? ಹೆಸರನ್ನು ಕೊನೆಗೆ ಬರೆಯಿರಿ. "ಚಿಪ್ಪುಹಂದಿ ಕಂಡೆ" ಅಂತ ಶುರು ಮಾಡಿದರೆ ಆಮೇಲೆ ಬರೆಯುವುದೆಲ್ಲ ಆ ಹೆಸರಿಗೆ ಹೊಂದಿಸಿದ ಹಾಗೆ ಬರುತ್ತದೆ. ಕಣ್ಣು ಏನು ನೋಡಿತು ಅಷ್ಟನ್ನೇ ಬರೆಯಿರಿ. ಎಷ್ಟು ದೂರ, ಎಷ್ಟು ಹೊತ್ತು, ಬೆಳಕು ಯಾವ ಕಡೆಯಿಂದ ಬಿತ್ತು, ಎಡದಿಂದ ಬಲಕ್ಕೆ ಹೋಯಿತಾ, ಬೆನ್ನು ಬಾಗಿತ್ತಾ, ಬಾಲ ನೆಲಕ್ಕೆ ತಾಗಿತ್ತಾ ಎತ್ತಿತ್ತಾ, ಸದ್ದು ಬಂತಾ. ನೋಡದ್ದನ್ನೂ ಬರೆಯಬೇಕು. "ಮುಖ ಕಾಣಲಿಲ್ಲ", "ಕಾಲು ಕಾಣಲಿಲ್ಲ". ನಾನು ನೋಡಿರುವ ಒಳ್ಳೆಯ ನೋಟ್‌ಬುಕ್‌ಗಳಲ್ಲೆಲ್ಲ "ಕಾಣಲಿಲ್ಲ" ಅನ್ನುವ ಮಾತು ಜಾಸ್ತಿ ಇರುತ್ತದೆ.

ಆಮೇಲೆ ಬೇರೆ ಏನಿರಬಹುದಿತ್ತು ಅಂತ ಯೋಚಿಸಿ ಬರೆಯಿರಿ. ರಾತ್ರಿ ರಸ್ತೆ ದಾಟುವ ಮುಳ್ಳುಹಂದಿಯನ್ನು ಚಿಪ್ಪುಹಂದಿ ಅಂದುಕೊಳ್ಳುವುದು ಉಂಟು. ಪುನುಗುಬೆಕ್ಕು ಕೂಡ ದೂರದಿಂದ ಮೋಸ ಮಾಡುತ್ತದೆ. ಉಡ ಹಗಲಿನ ಪ್ರಾಣಿ, ಹಾಗಾಗಿ ರಾತ್ರಿ ಅದರ ಸಾಧ್ಯತೆ ಕಡಿಮೆ. ಇವು ಯಾಕೆ ಅಲ್ಲ ಅಂತ ನಿಮಗೆ ಅನ್ನಿಸಿತೋ ಆ ಕಾರಣ ಬರೆಯಿರಿ. ಕಾರಣ ಹೊಳೆಯದಿದ್ದರೆ "ಖಚಿತವಿಲ್ಲ" ಅಂತ ಬರೆಯಿರಿ. ಅದರಿಂದ ದಾಖಲೆಯ ಮರ್ಯಾದೆ ಕಮ್ಮಿ ಆಗುವುದಿಲ್ಲ.

ಜಾಗದ ವಿಷಯದಲ್ಲಿ ನಿಮ್ಮ ಪುಸ್ತಕದಲ್ಲಾದರೂ ತಪ್ಪಾಗಬಾರದು. ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಅಂದರೆ, ಫಾರೆಸ್ಟ್ ಔಲೆಟ್ ಅನ್ನುವ ಪುಟ್ಟ ಗೂಬೆಯ ಕಥೆ ಗೊತ್ತಿರಬೇಕು. ಮಧ್ಯ ಭಾರತದ ಗೂಬೆ. 1884ರ ನಂತರ ಅದನ್ನು ಯಾರೂ ಖಚಿತವಾಗಿ ಕಂಡಿರಲಿಲ್ಲ. ಆದರೆ ಮೈನರ್ಟ್ಸ್‌ಹಾಗನ್ ಎಂಬ ಬ್ರಿಟಿಷ್ ಸೇನಾಧಿಕಾರಿಯ ಸಂಗ್ರಹದಲ್ಲಿ, 1914ರಲ್ಲಿ ಗುಜರಾತಿನಲ್ಲಿ ಹಿಡಿದದ್ದು ಅಂತ ಚೀಟಿ ಅಂಟಿಸಿದ ಒಂದು ಗೂಬೆ ಇತ್ತು. ಆ ಚೀಟಿ ಸುಳ್ಳು. ಬೇರೊಬ್ಬರು 1880ರ ದಶಕದಲ್ಲಿ ಸಂಗ್ರಹಿಸಿದ್ದ ಗೂಬೆಯನ್ನು ಮ್ಯೂಸಿಯಂನಿಂದ ಕದ್ದು, ಮತ್ತೆ ಹೊಲಿದು, ಹೊಸ ಚೀಟಿ ಹಾಕಿದ್ದ. ಪಕ್ಷಿತಜ್ಞೆ ಪಮೇಲಾ ರಾಸ್ಮುಸೆನ್ ಅವರು ಚರ್ಮದ ಹೊಲಿಗೆಯನ್ನು, ಒಳಗಿನ ಹತ್ತಿಯನ್ನು ಪರೀಕ್ಷಿಸಿ ಇದನ್ನು ಬಯಲು ಮಾಡಿದರು. ಆ ಸುಳ್ಳು ಜಾಗವನ್ನು ಬದಿಗಿಟ್ಟು ಹಳೆಯ ನಿಜವಾದ ಚೀಟಿಗಳಲ್ಲಿದ್ದ ಜಾಗಗಳನ್ನು ಹಿಡಿದು ಹುಡುಕಿದಾಗ, 1997ರ ನವೆಂಬರಿನಲ್ಲಿ ಮಹಾರಾಷ್ಟ್ರದ ಶಹಾದಾ ಬಳಿ ಆ ಗೂಬೆ ಹಗಲು ಬೆಳಕಿನಲ್ಲಿ ಮರದ ಮೇಲೆ ಕೂತಿತ್ತು. 113 ವರ್ಷ!

ಮೈನರ್ಟ್ಸ್‌ಹಾಗನ್ ಬೇಕೆಂದೇ ಸುಳ್ಳು ಬರೆದ. ನಾವು ಬೇಕೆಂದು ಬರೆಯುವುದಿಲ್ಲ. ಆದರೆ "ಸುಮಾರು ಅಲ್ಲೇ ಎಲ್ಲೋ" ಅಂತ ನಕ್ಷೆಯಲ್ಲಿ ಒಂದು ಚುಕ್ಕೆ ಇಟ್ಟರೆ, ನಲವತ್ತು ವರ್ಷದ ನಂತರ ಅದನ್ನು ನಂಬಿ ಹುಡುಕುವವರಿಗೆ ಎರಡಕ್ಕೂ ವ್ಯತ್ಯಾಸ ಗೊತ್ತಾಗುವುದಿಲ್ಲ. ಜಾಗ ಸರಿಯಾಗಿ ಗೊತ್ತಿಲ್ಲ ಅಂದರೆ "500 ಮೀಟರ್ ಆಚೀಚೆ ಇರಬಹುದು" ಅಂತ ಬರೆದುಬಿಡಿ. ಅದು ನಿಜ, ಹಾಗಾಗಿ ಅದು ಕೆಲಸಕ್ಕೆ ಬರುತ್ತದೆ.

---

ಬೆಳಕುನೆರಳು

ನಾನು ಸ್ವಲ್ಪ ಬೇರೆ ಅಭಿಪ್ರಾಯದವನು, ನೇರವಾಗಿ ಹೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ಫೋಟೋ ಇಲ್ಲದ ಅಪರೂಪದ ನೋಟವನ್ನು ಡೇಟಾಬೇಸಿಗೆ ಸೇರಿಸುವುದು ನನಗೆ ಸರಿ ಕಾಣುವುದಿಲ್ಲ. ನಾನು ಹದಿನಾಲ್ಕು ವರ್ಷದಿಂದ ಫೋಟೋ ತೆಗೆಯುತ್ತಿದ್ದೇನೆ. ನೂರಾರು ಸಲ "ನಾನು ಕಣ್ಣಾರೆ ನೋಡಿದೆ" ಅಂತ ಹೇಳಿದವರ ಜೊತೆ ಹೋಗಿ, ಮಾಮೂಲಿ ಪ್ರಾಣಿಯನ್ನೇ ನೋಡಿ ಬಂದಿದ್ದೇನೆ. ಅವರು ಸುಳ್ಳರಲ್ಲ. ಆಸೆ ಕಣ್ಣನ್ನು ತಿರುಗಿಸುತ್ತದೆ. ನನಗೂ ಆಗಿದೆ. ಒಮ್ಮೆ ಒಂದು ಸೂರಕ್ಕಿಯ ಹಣೆ ಹಳದಿ ಇರುವುದನ್ನು ನೋಡಿ ಒಂದು ವಾರ ನಿದ್ದೆ ಮಾಡಿರಲಿಲ್ಲ. ಫೋಟೋ ದೊಡ್ಡದು ಮಾಡಿ ನೋಡಿದಾಗ ಅದು ಹೂವಿನ ಪರಾಗ. ಹೂವಿನೊಳಗೆ ಮುಖ ತೂರಿಸಿ ತೂರಿಸಿ ಹಣೆಗೆ ಅಂಟಿತ್ತು. ಫೋಟೋ ಇರದಿದ್ದರೆ ನಾನು ಇವತ್ತಿಗೂ ಅದನ್ನು ಬೇರೆ ಹಕ್ಕಿ ಅಂತಲೇ ಹೇಳುತ್ತಿದ್ದೆ.

---

ಹಳೇದುರ್ಬೀನು

ಬೆಳಕುನೆರಳು ಅವರೇ, ಪರಾಗದ ಮಾತು ಬಹಳ ಒಳ್ಳೆಯದು, ಹೊಸಬರು ಅದನ್ನು ನೆನಪಿಡಬೇಕು. ಆದರೆ ಫೋಟೋ ಇಲ್ಲದ್ದನ್ನು ಎಸೆಯುವುದಕ್ಕೂ, ಅದನ್ನು ಫೋಟೋ ಇಲ್ಲದ್ದು ಅಂತ ಗುರುತು ಹಾಕಿ ಇಡುವುದಕ್ಕೂ ವ್ಯತ್ಯಾಸ ಇದೆ ಅಲ್ವಾ? ಹಕ್ಕಿ ನೋಟಗಳನ್ನು ದಾಖಲಿಸುವ ಜಾಲತಾಣ ಇಬರ್ಡ್‌ನಲ್ಲಿ ಅಪರೂಪದ ಹಕ್ಕಿ ಹಾಕಿದರೆ ಅದು ತಾನಾಗಿಯೇ ಕೆಂಪು ಗುರುತು ತೋರಿಸಿ ವಿವರ ಬರೆಯಲು ಕೇಳುತ್ತದೆ. ಆ ಪ್ರದೇಶ ಬಲ್ಲ ಸ್ವಯಂಸೇವಕರೊಬ್ಬರು ಅದನ್ನು ಓದುತ್ತಾರೆ. ಫೋಟೋ ಇಲ್ಲದಿದ್ದರೂ ವಿವರಣೆ ಗಟ್ಟಿ ಇದ್ದರೆ ಒಪ್ಪುತ್ತಾರೆ, ಇಲ್ಲದಿದ್ದರೆ ಖಚಿತವಾಗದ್ದು ಅಂತ ಬದಿಗಿಡುತ್ತಾರೆ, ನಿಮ್ಮ ಪಟ್ಟಿಯಿಂದ ಅಳಿಸುವುದಿಲ್ಲ. ಎಲ್ಲ ಬಗೆಯ ಜೀವಿಗಳನ್ನು ದಾಖಲಿಸುವ ಐನ್ಯಾಚುರಲಿಸ್ಟ್‌ನಲ್ಲಿ ಫೋಟೋ ಅಥವಾ ಧ್ವನಿ ಇಲ್ಲದ ನೋಟ "ಕ್ಯಾಶುಯಲ್" ಅನ್ನುವ ದರ್ಜೆಯಲ್ಲೇ ಉಳಿಯುತ್ತದೆ, ಸಂಶೋಧನೆಯ ದರ್ಜೆಗೆ ಹೋಗುವುದಿಲ್ಲ. ಅಂದರೆ ನಿಮ್ಮ ಆತಂಕಕ್ಕೆ ವ್ಯವಸ್ಥೆಯಲ್ಲೇ ಜಾಗ ಮಾಡಿದ್ದಾರೆ. ನೋಡಿದವರು ತಾವೇ ಬಾಯಿ ಮುಚ್ಚಿಕೊಳ್ಳುವ ಅಗತ್ಯ ಇಲ್ಲ.

---

ದೀಪದಹುಳು

ನಾನು ಪತಂಗ ನೋಡುವವಳು. ರಾತ್ರಿ ಬಿಳಿ ಬಟ್ಟೆಗೆ ದೀಪ ಹಾಕಿ ಕೂರುತ್ತೇನೆ. ನಮ್ಮಲ್ಲಿ "ಇದು ಏನು ಅಂತ ಗೊತ್ತಿಲ್ಲ" ಅನ್ನುವುದು ದಿನನಿತ್ಯದ ಮಾತು, ಎಷ್ಟೋ ಪತಂಗಗಳನ್ನು ಫೋಟೋ ನೋಡಿ ಪ್ರಭೇದದವರೆಗೆ ಗುರುತಿಸಲು ಆಗುವುದೇ ಇಲ್ಲ, ಒಳಗಿನ ಅಂಗಗಳನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಹಾಗಾಗಿ ಕುಲದ, ಅಂದರೆ ಹತ್ತಿರದ ಪ್ರಭೇದಗಳ ಗುಂಪಿನ ಮಟ್ಟಕ್ಕೆ, ಕೆಲವೊಮ್ಮೆ ಕುಟುಂಬದ ಮಟ್ಟಕ್ಕೆ ನಿಲ್ಲಿಸುತ್ತೇವೆ. ದಾರಿಹೋಕ ಅವರೇ, ನಿಮಗೂ ಅದೇ ಹೇಳುತ್ತೇನೆ. ಗೊತ್ತಿರುವುದಕ್ಕಿಂತ ಖಚಿತವಾದ ಹೆಸರು ಕೊಡಲು ಹೋಗಬೇಡಿ. ಆ್ಯಪ್ ಸೂಚಿಸುವ ಮೊದಲ ಹೆಸರನ್ನು ಒತ್ತಿಬಿಡುವ ಅಭ್ಯಾಸ ತುಂಬಾ ಜನಕ್ಕಿದೆ. ಅದು ರೂಪ ನೋಡಿ ಊಹಿಸಿದ್ದು. ಆ ಜೀವಿ ಆ ಭಾಗದಲ್ಲಿ ಇದೆಯಾ, ಆ ತಿಂಗಳಲ್ಲಿ ಕಾಣುತ್ತದಾ ಅಂತ ನೀವೇ ನೋಡಿ ಒತ್ತಿ.

ನಿಮ್ಮ ಬಿಳಿ ಪಿಕಳಾರ ನನಗೆ ಬಹಳ ಖುಷಿ ಕೊಟ್ಟಿತು. ಅದರ ಬಾಲದ ಬುಡದ ಕೆಂಪು ಹಾಗೇ ಇತ್ತು ಅಂತ ಬರೆದಿದ್ದೀರಲ್ಲ, ಆ ಒಂದು ಸಾಲಿನಿಂದ ಅರ್ಧ ವಿಷಯ ತಿಳಿಯಿತು. ಹಕ್ಕಿಯ ಗರಿಯಲ್ಲಿ ಕಪ್ಪು, ಕಂದು ಬರುವುದು ಮೆಲನಿನ್ ಅನ್ನುವ ವರ್ಣದ್ರವ್ಯದಿಂದ, ಅದನ್ನು ಹಕ್ಕಿಯ ದೇಹವೇ ತಯಾರಿಸುತ್ತದೆ. ಕೆಂಪು, ಹಳದಿ ಹೆಚ್ಚಾಗಿ ಬರುವುದು ಕ್ಯಾರೊಟಿನಾಯ್ಡ್‌ನಿಂದ, ಅದು ತಿನ್ನುವ ಆಹಾರದಿಂದ ಬರುತ್ತದೆ. ಮೆಲನಿನ್ ಕೆಟ್ಟರೆ ಕಪ್ಪು ತಲೆ, ಕಂದು ಬೆನ್ನು ಬೆಳ್ಳಗಾಗುತ್ತವೆ, ಕೆಂಪಿಗೆ ಏನೂ ಆಗುವುದಿಲ್ಲ. ಹಾಗಾಗಿ ಇದು ಹೊಸ ಪ್ರಭೇದ ಅಲ್ಲ, ಅದೇ ಪಿಕಳಾರ, ಬಣ್ಣ ತಯಾರಾಗುವ ಕೆಲಸದಲ್ಲಿ ವ್ಯತ್ಯಾಸ ಆಗಿದೆ. ಅದಕ್ಕೇ ಉಳಿದವು ಅದನ್ನು ತಮ್ಮದು ಅಂತ ಇಟ್ಟುಕೊಂಡಿವೆ ಅಂತ ಹೇಳಬೇಕು ಅನ್ನಿಸುತ್ತದೆ, ಆದರೆ ಅದು ನನ್ನ ಊಹೆ, ದಾಖಲೆಯಲ್ಲಿ ಬರೆಯಬೇಡಿ. "ಐದು ಹಕ್ಕಿಗಳ ಜೊತೆ ತಿನ್ನುತ್ತಿತ್ತು, ಜಗಳ ಕಾಣಲಿಲ್ಲ" ಅಷ್ಟು ಸಾಕು.

ಈಗ ಒಂದು ಕೆಲಸ. ಫೋಟೋದಲ್ಲಿ ಕಣ್ಣು ನೋಡಿ. ಕಣ್ಣು ಕಪ್ಪಗಿದೆಯಾ, ಗುಲಾಬಿ ಇದೆಯಾ? ಮೆಲನಿನ್ ಪೂರ್ತಿ ಇಲ್ಲದ ಆಲ್ಬಿನೋ ಹಕ್ಕಿಗೆ ಕಣ್ಣು ಗುಲಾಬಿ ಅಥವಾ ಕೆಂಪು ಕಾಣುತ್ತದೆ. ಅವುಗಳ ದೃಷ್ಟಿ ಸರಿ ಇರುವುದಿಲ್ಲ, ಹಾಗಾಗಿ ಬೆಳೆದ ಆಲ್ಬಿನೋ ಹಕ್ಕಿ ಕಾಡಿನಲ್ಲಿ ಕಾಣಸಿಗುವುದು ಬಹಳ ಕಡಿಮೆ. ಕಣ್ಣು ಮಾಮೂಲಿ ಬಣ್ಣದ್ದಿದ್ದರೆ ಲ್ಯೂಸಿಸಂ, ಅಂದರೆ ಗರಿಗೆ ಮಾತ್ರ ಬಣ್ಣ ಸೇರದಿರುವುದು, ಇರಬಹುದು, ಅಥವಾ ಬಣ್ಣ ತೆಳುವಾಗುವ ಬೇರೆ ಬಗೆ ಇರಬಹುದು. ಚಹಾ ಬೆರೆತ ಹಾಲು ಅಂದಿರಿ, ಅಂದರೆ ಸ್ವಲ್ಪ ಕಂದು ಉಳಿದಿದೆ. ಈ ಬಗೆಗಳನ್ನು ಫೋಟೋ ನೋಡಿ ಬೇರ್ಪಡಿಸುವುದು ಬಲ್ಲವರಿಗೂ ಕಷ್ಟ. ಅದಕ್ಕೆ ನೀವು ಬಣ್ಣದ ಜಾತಕ ಬರೆಯಲು ಹೋಗಬೇಡಿ. ಕಣ್ಣು, ಕೊಕ್ಕು, ಕಾಲು, ತಲೆ, ಬೆನ್ನು, ಬಾಲ, ಒಂದೊಂದರ ಬಣ್ಣ ಬರೆಯಿರಿ. ಹಾಕುವಾಗ ಪ್ರಭೇದದ ಜಾಗದಲ್ಲಿ ಮಾಮೂಲಿ ಪಿಕಳಾರದ ಹೆಸರೇ ಇರಲಿ, ಟಿಪ್ಪಣಿಯಲ್ಲಿ ಬಣ್ಣದ ವಿವರ.

ಸಾಕಿದ್ದು ತಪ್ಪಿಸಿಕೊಂಡಿದ್ದಾ ಅನ್ನುವ ಪ್ರಶ್ನೆ ತಪ್ಪಲ್ಲ, ಕೇಳಲೇಬೇಕು. ಕಾಲಿಗೆ ಉಂಗುರ ಇದೆಯಾ, ಬಾಲದ ತುದಿ ಪಂಜರಕ್ಕೆ ಉಜ್ಜಿದ ಹಾಗೆ ಸವೆದಿದೆಯಾ, ಮನುಷ್ಯರು ಹತ್ತಿರ ಹೋದರೂ ಹಾರುವುದಿಲ್ಲವಾ, ಇವನ್ನು ನೋಡಿ.

ಫೋಟೋ ಬಗ್ಗೆ ನಾನು ಪೆಟ್ಟು ತಿಂದು ಕಲಿತದ್ದು ಎರಡಿವೆ. ಒಂದು, ವಾಟ್ಸಾಪ್‌ನಲ್ಲಿ ಫೋಟೋವಾಗಿ ಕಳಿಸಿದರೆ ಗಾತ್ರ ಕುಗ್ಗುತ್ತದೆ, ಅದರೊಳಗಿನ ತಾರೀಖು, ಜಾಗದ ಮಾಹಿತಿಯೂ ಹೋಗುತ್ತದೆ. ಹಾಗಾಗಿ ಮೂಲ ಫೈಲ್ ಮುಟ್ಟದೆ ಒಂದು ಕಡೆ ಇಡಿ. ಮಸುಕಾದ ಒಂಬತ್ತನ್ನೂ ಅಳಿಸಬೇಡಿ. ಫೋಟೋ ತಿದ್ದಿದ್ದೀರಿ ಅಂದವರಿಗೆ ಉತ್ತರ ಅದೇ, ಒಂದರ ಹಿಂದೆ ಒಂದು ಬಂದ ಹನ್ನೆರಡು ಮೂಲ ಫೈಲ್‌ಗಳು. ಬಿಸಿಲು ಜಾಸ್ತಿ ಬಿದ್ದ ಫೋಟೋದಲ್ಲಿ ಮಾಮೂಲಿ ಹಕ್ಕಿಯೂ ಬೆಳ್ಳಗೆ ಕಾಣುತ್ತದೆ, ಆದ್ದರಿಂದ ಅದೇ ಚೌಕಟ್ಟಿನಲ್ಲಿ ಪಕ್ಕದ ಮಾಮೂಲಿ ಪಿಕಳಾರವೂ ಇರುವ ಫೋಟೋ ಇದ್ದರೆ ಮೊದಲು ಅದನ್ನೇ ಹಾಕಿ. ಬೇರೆ ಸಾಕ್ಷಿಯೇ ಬೇಡ.

ಎರಡನೆಯದು ಕ್ಯಾಮೆರಾದ ಗಡಿಯಾರ. ನನ್ನ ಕ್ಯಾಮೆರಾ ಬ್ಯಾಟರಿ ಬಹಳ ದಿನ ತೆಗೆದಿಟ್ಟಾಗ ತಾರೀಖು ಮೊದಲಿನದ್ದಕ್ಕೆ ಹೋಗಿತ್ತು, ನಾನು ಗಮನಿಸಿರಲಿಲ್ಲ. ಎಂಟು ತಿಂಗಳ ಪತಂಗಗಳು, ಎಲ್ಲದರ ತಾರೀಖು ತಪ್ಪು. ಮಳೆಗಾಲದಲ್ಲಿ ಮಾತ್ರ ಬರುವ ಒಂದು ಪತಂಗವನ್ನು ನಾನು ಬೇಸಿಗೆಯಲ್ಲಿ ಕಂಡ ಹಾಗೆ ದಾಖಲಾಗಿ, ಅದನ್ನು ಅಭ್ಯಾಸ ಮಾಡುವ ಒಬ್ಬರು ಪತ್ರ ಬರೆದು ಕೇಳಿದಾಗಲೇ ಗೊತ್ತಾಗಿದ್ದು. ಒಂದೊಂದನ್ನೂ ನೋಟ್‌ಬುಕ್ ಜೊತೆ ಇಟ್ಟು ತಿದ್ದಿದೆ, ಹದಿನೇಳು ರಾತ್ರಿ ಹಿಡಿಯಿತು. ಈಗ ಪ್ರತಿ ಸಲ ಶುರುವಿನಲ್ಲಿ ಫೋನಿನ ಗಡಿಯಾರದ ಪರದೆಯ ಫೋಟೋವನ್ನು ಕ್ಯಾಮೆರಾದಲ್ಲಿ ತೆಗೆಯುತ್ತೇನೆ. ಮುಂದೆ ಎಂದಾದರೂ ಕ್ಯಾಮೆರಾ ಗಡಿಯಾರ ತಪ್ಪಿದ್ದು ಕಂಡರೆ, ಎಷ್ಟು ತಪ್ಪಿತ್ತು ಅಂತ ಆ ಒಂದು ಫೋಟೋ ಹೇಳುತ್ತದೆ.

ಇನ್ನೊಂದು ಸಂಗತಿ ಹೇಳದೆ ಇರಲು ಆಗುತ್ತಿಲ್ಲ. "ಓದಿದವನಲ್ಲ" ಅಂತ ಶುರು ಮಾಡಿದಿರಿ. 2020ರ ಅಕ್ಟೋಬರಿನಲ್ಲಿ ಇಂಡೋನೇಷ್ಯಾದ ದಕ್ಷಿಣ ಕಾಲಿಮಂತಾನಿನಲ್ಲಿ ಕಾಡಿಗೆ ಹೋಗಿದ್ದ ಇಬ್ಬರು ಸ್ಥಳೀಯರ ಕೈಗೆ ಗುರುತು ಸಿಗದ ಒಂದು ಸಣ್ಣ ಹಕ್ಕಿ ಸಿಕ್ಕಿತು. ಫೋಟೋ ತೆಗೆದು ಬಿಟ್ಟುಬಿಟ್ಟರು. ಆ ಫೋಟೋ ಹಕ್ಕಿ ಬಲ್ಲವರ ಗುಂಪಿಗೆ ಹೋಯಿತು. ಅದು ಕಪ್ಪು ಹುಬ್ಬಿನ ಹರಟೆಮಲ್ಲ, ಬ್ಲ್ಯಾಕ್-ಬ್ರೌಡ್ ಬ್ಯಾಬ್ಲರ್. 1840ರ ದಶಕದಲ್ಲಿ ಸಂಗ್ರಹಿಸಿದ ಒಂದೇ ಒಂದು ಮಾದರಿ ಬಿಟ್ಟರೆ 170 ವರ್ಷಕ್ಕೂ ಜಾಸ್ತಿ ಕಾಲ ಯಾರೂ ಅದನ್ನು ಕಂಡಿರಲಿಲ್ಲ. ಆ ಮಾದರಿಯನ್ನು ಶುರುವಿನಲ್ಲಿ ಜಾವಾ ದ್ವೀಪದ್ದು ಅಂತ ತಪ್ಪಾಗಿ ಬರೆದಿದ್ದರು, ದುರ್ಬೀನು ಸರ್ ಹೇಳಿದ ಜಾಗದ ಮಾತು ಇಲ್ಲೂ ಬಂತು ನೋಡಿ. ತುಂಬಿಟ್ಟ ಹಕ್ಕಿಯಲ್ಲಿ ಕಣ್ಣು, ಕೊಕ್ಕು, ಕಾಲಿನ ನಿಜವಾದ ಬಣ್ಣ ಉಳಿಯುವುದಿಲ್ಲ. ಬದುಕಿರುವ ಆ ಹಕ್ಕಿಯ ಕಣ್ಣಿನ ಬಣ್ಣ ಏನು ಅಂತ ಜಗತ್ತಿಗೆ ಗೊತ್ತಾಗಿದ್ದು ಆ ಇಬ್ಬರ ಫೋಟೋದಿಂದ. ಅವರು ಅದಕ್ಕೆ ಹೆಸರು ಕೊಡಲು ಹೋಗಲಿಲ್ಲ. ಇದು ಏನು ಅಂತ ಕೇಳಿದರು.

---

ಕಾಡಂಚು

ಜಾಗದ ಪ್ರಶ್ನೆಗೆ ನಾನು ಉತ್ತರಿಸುತ್ತೇನೆ, ಸ್ವಲ್ಪ ಉದ್ದ ಆಗುತ್ತದೆ.

ದಾರಿಹೋಕ ಅವರೇ, ಮೊದಲು ಆ ಗುಂಪಿನಲ್ಲಿ ಚಿಪ್ಪುಹಂದಿ ಬಗ್ಗೆ ನೀವು ಬರೆದದ್ದನ್ನು ಅಳಿಸಿ. ಅಲ್ಲಿ ರಸ್ತೆಯ ಹೆಸರು ಬರೆದಿದ್ದರಂತೂ ಈಗಲೇ ಅಳಿಸಿ. ಆ ಅಪರಿಚಿತರ ಮೆಸೇಜ್ ಮಾತ್ರ ಅಳಿಸಬೇಡಿ, ಹಾಗೇ ಇಟ್ಟು, ಆ ಭಾಗದ ಅರಣ್ಯ ಸಿಬ್ಬಂದಿಗೆ ತೋರಿಸಿ. ಅವರು ಒಳ್ಳೆಯವರೇ ಇರಬಹುದು, ನನಗೆ ಗೊತ್ತಿಲ್ಲ. ಆದರೆ ಚಿಪ್ಪುಹಂದಿ ಪ್ರಪಂಚದಲ್ಲೇ ಅತಿ ಹೆಚ್ಚು ಕಳ್ಳಸಾಗಣೆ ಆಗುವ ಸಸ್ತನಿಗಳಲ್ಲಿ ಒಂದು. ಚಿಪ್ಪಿಗೆ ಮತ್ತು ಮಾಂಸಕ್ಕೆ ಹಿಡಿಯುತ್ತಾರೆ. ಎಂಟೂ ಪ್ರಭೇದಗಳನ್ನು 2016ರಲ್ಲಿ, ಅಪಾಯದಲ್ಲಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ ಸೈಟಿಸ್ ಒಪ್ಪಂದದ ಮೊದಲ ಪಟ್ಟಿಗೆ ಸೇರಿಸಿ ಅಂತರರಾಷ್ಟ್ರೀಯ ವ್ಯಾಪಾರ ನಿಷೇಧಿಸಲು ತೀರ್ಮಾನಿಸಿದರು. ಆದರೂ ನಿಂತಿಲ್ಲ. ಅದು ಹೆದರಿದಾಗ ಓಡುವುದಿಲ್ಲ, ಉಂಡೆ ಸುತ್ತಿಕೊಳ್ಳುತ್ತದೆ. ಹುಲಿ ಚಿರತೆಯಿಂದ ಉಳಿಸಿದ ಆ ಉಪಾಯವೇ ಮನುಷ್ಯನ ಕೈಗೆ ಅದನ್ನು ಎತ್ತಿ ಚೀಲಕ್ಕೆ ಹಾಕಿಕೊಳ್ಳುವಷ್ಟು ಸುಲಭ ಮಾಡಿದೆ. ಜಾಗ ತಿಳಿದರೆ ಸಾಕು, ಬೇರೇನೂ ಬೇಕಿಲ್ಲ.

ಇದು ಬರೀ ಹೆದರಿಕೆ ಅಲ್ಲ. ದಕ್ಷಿಣ ಚೀನಾದಲ್ಲಿ ಒಂದು ಗುಹೆ ಹಲ್ಲಿಯನ್ನು 1999ರಲ್ಲಿ ವಿಜ್ಞಾನಿಗಳು ಮೊದಲ ಸಲ ವಿವರಿಸಿ ಪ್ರಕಟಿಸಿದರು. ಗೋನಿಯೂರೋಸಾರಸ್ ಲೂಯಿ ಅಂತ ಹೆಸರು. ಲೇಖನದಲ್ಲಿ ಜಾಗ ಇತ್ತು. ಸಾಕಲು ಮಾರುವವರು ಆ ಜಾಗಕ್ಕೇ ಹೋಗಿ ಹಿಡಿದು ಹಿಡಿದು, ಮೊದಲು ಕಂಡ ಆ ಜಾಗದಲ್ಲಿ ಅದು ಇಲ್ಲವಾಯಿತು. ಬರೆದವರ ಉದ್ದೇಶ ಒಳ್ಳೆಯದೇ ಇತ್ತು.

ಹಾಗಂತ ಜಾಗ ಬರೆಯಲೇಬೇಡಿ ಅನ್ನುತ್ತಿಲ್ಲ, ಬರೆಯದಿದ್ದರೆ ಆ ರಸ್ತೆ ಅಗಲ ಮಾಡುವಾಗ ಅಲ್ಲಿ ಚಿಪ್ಪುಹಂದಿ ಇತ್ತು ಅಂತ ಹೇಳಲು ಯಾರ ಬಳಿಯೂ ಏನೂ ಇರುವುದಿಲ್ಲ. ನಿಮ್ಮ ನೋಟ್‌ಬುಕ್‌ನಲ್ಲಿ ಖಚಿತವಾದ ಜಾಗ ಇರಲಿ. ಅರಣ್ಯ ಸಿಬ್ಬಂದಿಗೆ, ಅದನ್ನು ಅಭ್ಯಾಸ ಮಾಡುವ ನಂಬಿಕಸ್ತರಿಗೆ ಖಚಿತವಾದ ಜಾಗ ಹೇಳಿ. ಎಲ್ಲರಿಗೂ ಕಾಣುವ ಕಡೆ ಮರೆಮಾಡಿ. ಐನ್ಯಾಚುರಲಿಸ್ಟ್‌ನಲ್ಲಿ ಜಾಗ ಮಸುಕು ಮಾಡುವ ಆಯ್ಕೆ ಇದೆ. ಅದು ಚುಕ್ಕೆಯನ್ನು ಸುಮಾರು 20 ಕಿಲೋಮೀಟರ್ ಉದ್ದಗಲದ ಚೌಕದೊಳಗೆ ಎಲ್ಲೋ ತೋರಿಸುತ್ತದೆ, ತಾರೀಖಿನ ಬದಲು ತಿಂಗಳು ಮಾತ್ರ ಕಾಣಿಸುತ್ತದೆ. ಅಪಾಯದಲ್ಲಿರುವ ಎಷ್ಟೋ ಜೀವಿಗಳಿಗೆ ತಾನಾಗಿಯೇ ಹಾಗೆ ಮಾಡುತ್ತದೆ, ಆದರೂ ನೀವೂ ಒಮ್ಮೆ ಆರಿಸಿಬಿಡಿ. ಇಬರ್ಡ್ ಕೂಡ ಸೂಕ್ಷ್ಮ ಅಂತ ಗುರುತಿಸಿದ ಹಕ್ಕಿಗಳನ್ನು 400 ಚದರ ಕಿಲೋಮೀಟರಿನ ಚೌಕದ ಮಟ್ಟಕ್ಕೆ ಮಾತ್ರ ತೋರಿಸುತ್ತದೆ.

ಇಷ್ಟು ಮಾಡಿಯೂ ಜನ ಜಾರುವುದು ಸಣ್ಣ ವಿಷಯಗಳಲ್ಲಿ. ಚುಕ್ಕೆ ಮಸುಕು ಮಾಡಿ, ಟಿಪ್ಪಣಿಯಲ್ಲಿ ಕೆರೆಯ ಹೆಸರು ಬರೆದಿರುತ್ತಾರೆ. ಫೋಟೋದ ಹಿಂದೆ ಕಿಲೋಮೀಟರ್ ಕಲ್ಲು ಇರುತ್ತದೆ. ಅದೇ ರಾತ್ರಿ ಅದೇ ರಸ್ತೆಯಲ್ಲಿ ಕಂಡ ಕಪ್ಪೆ, ಹಾವು ಎಲ್ಲವನ್ನೂ ಮಸುಕಿಲ್ಲದೆ ಹಾಕಿರುತ್ತಾರೆ, ಅದು ಇನ್ನೂ ಕೆಟ್ಟದ್ದು. ಎಂಟು ಚುಕ್ಕೆ ಒಂದೇ ಕಡೆ ಇದ್ದರೆ ಒಂಬತ್ತನೆಯದು ಎಲ್ಲಿ ಅಂತ ಮಗುವೂ ಹೇಳುತ್ತದೆ. ಮೂಲ ಫೋಟೋ ಫೈಲ್ ಯಾರಿಗಾದರೂ ಕಳಿಸುವಾಗ ಅದರೊಳಗೆ ಜಿಪಿಎಸ್ ಇರುತ್ತದೆ ಅನ್ನುವುದನ್ನೂ ಮರೆಯಬೇಡಿ. ಗೂಡು, ಮರಿ, ಬಿಲ, ಗೂಬೆ ಕೂರುವ ಮರ, ಇವಕ್ಕೂ ಇದೇ ನಿಯಮ, ಪ್ರಾಣಿ ಅಪರೂಪದ್ದಲ್ಲದಿದ್ದರೂ. ಬಿಳಿ ಪಿಕಳಾರದ ಜಾಗವನ್ನೂ ನಾನಾಗಿದ್ದರೆ ಸದ್ಯಕ್ಕೆ ಮಸುಕು ಮಾಡುತ್ತಿದ್ದೆ. ಎದ್ದು ಕಾಣುವ ಹಕ್ಕಿ, ಹಿಡಿಯುವವರೂ ಬರಬಹುದು, ಫೋಟೋಕ್ಕೆ ಇಪ್ಪತ್ತು ಜನ ಬಂದು ಪೊದೆ ಸುತ್ತುವುದೂ ಅದಕ್ಕೆ ಒಳ್ಳೆಯದಲ್ಲ. ರೆಕಾರ್ಡ್ ಮಾಡಿದ ಹಕ್ಕಿಯ ಧ್ವನಿ ಹಾಕಿ ಅದನ್ನು ಕರೆಸಬೇಡಿ, ಯಾರಾದರೂ ಹಾಗೆ ಮಾಡಿದರೆ ತಡೆಯಿರಿ.

ಚಿಪ್ಪುಹಂದಿಗೆ ಫೋಟೋ ಇಲ್ಲ ಅಂದಿರಿ. ಹಗಲಲ್ಲಿ ಒಮ್ಮೆ ಆ ಜಾಗಕ್ಕೆ ಹೋಗಿ. ರಸ್ತೆಯಿಂದಲೇ ಕಾಣುವ ಹುತ್ತಗಳಿದ್ದರೆ ನೋಡಿ. ಅದು ಇರುವೆ, ಗೆದ್ದಲು ತಿನ್ನುವ ಪ್ರಾಣಿ, ಮುಂಗಾಲಿನ ಉದ್ದ ಉಗುರಿನಿಂದ ಹುತ್ತ ಬಗೆಯುತ್ತದೆ. ಬಗೆದ ಗುರುತು ಇದ್ದರೆ ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ಮೇಲಿನಿಂದ ನೇರವಾಗಿ ಫೋಟೋ ತೆಗೆಯಿರಿ. ಕರಡಿಯೂ ಹುತ್ತ ಬಗೆಯುತ್ತದೆ, ಹಾಗಾಗಿ "ಚಿಪ್ಪುಹಂದಿ ಬಗೆದದ್ದು" ಅಂತ ಬರೆಯಬೇಡಿ, "ಬಗೆದ ಹುತ್ತ" ಅಂತ ಬರೆಯಿರಿ. ಬಿಲ ಕಂಡರೆ ಕೈ ಹಾಕಬೇಡಿ, ಹತ್ತಿರ ಕೂರಬೇಡಿ, ಬಂದುಬಿಡಿ. ಕಾಯ್ದಿಟ್ಟ ಕಾಡಾದರೆ ಅನುಮತಿ ಇಲ್ಲದೆ ಒಳಗೆ ಹೋಗಲೇಬೇಡಿ.

---

ಬೆಳಕುನೆರಳು

ಎಂಟು ಚುಕ್ಕೆಯ ಮಾತು ನನಗೆ ಹೊಳೆದೇ ಇರಲಿಲ್ಲ. ಇವತ್ತು ಕೂತು ನನ್ನ ಹಳೆಯವನ್ನೆಲ್ಲ ನೋಡಿದೆ. ಒಂದು ಗೂಬೆಯ ಗೂಡನ್ನು ಮಸುಕು ಮಾಡಿ, ಅದೇ ಬೆಳಿಗ್ಗೆಯ ಹದಿಮೂರು ಹಕ್ಕಿಗಳನ್ನು ಅದೇ ಮರದ ಕೆಳಗಿನಿಂದ ಹಾಕಿದ್ದೇನೆ. ಎಲ್ಲ ಸರಿ ಮಾಡಿದೆ. ಕಾಡಂಚು ಅವರಿಗೆ ಧನ್ಯವಾದ.

ದಾರಿಹೋಕ ಅವರೇ, ಫೋಟೋ ಇಲ್ಲದಿದ್ದರೆ ಬೇಡ ಅಂದೆನಲ್ಲ, ಆ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ನೀವು ವಿವರ ಬರೆದು ಇಲ್ಲಿ ಹಾಕಿ, ನಾನೂ ಓದುತ್ತೇನೆ. ಜಾಗದ ಹೆಸರು ಬಿಟ್ಟು.

---

ದಾರಿಹೋಕ

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಗುಂಪಿನಲ್ಲಿ ಹಾಕಿದ್ದನ್ನು ಅಳಿಸಲು ಹೋದೆ, ಹಳೆಯದಾಗಿದ್ದರಿಂದ ನನ್ನ ಫೋನಿನಲ್ಲಿ ಮಾತ್ರ ಅಳಿಯಿತು. ಅಡ್ಮಿನ್‌ಗೆ ಹೇಳಿದೆ, ಅವರು ತೆಗೆದರು. ರಸ್ತೆಯ ಹೆಸರು ಬರೆದಿರಲಿಲ್ಲ, ಸದ್ಯ. ಅಪರಿಚಿತರ ಮೆಸೇಜನ್ನು ಅರಣ್ಯ ಸಿಬ್ಬಂದಿಗೆ ತೋರಿಸಿದೆ. ನಂಬರ್ ಬರೆದುಕೊಂಡರು, ರಾತ್ರಿ ಆ ಕಡೆ ಓಡಾಡುತ್ತೇವೆ ಅಂದರು.

ಪಿಕಳಾರದ ಕಣ್ಣು ದೊಡ್ಡದು ಮಾಡಿ ನೋಡಿದೆ. ಕಪ್ಪು. ಕೊಕ್ಕು ನಸುಗಂದು, ಕಾಲು ನಸುಗುಲಾಬಿ, ಉಂಗುರ ಇಲ್ಲ, ಬಾಲದ ತುದಿ ಚೂಪಾಗೇ ಇದೆ. ಎರಡನೇ ಫೋಟೋದಲ್ಲಿ ಮೂಲೆಯಲ್ಲಿ ಒಂದು ಮಾಮೂಲಿ ಪಿಕಳಾರದ ತಲೆ ಬಂದಿದೆ, ಕಪ್ಪಗೆ! ಅದನ್ನೇ ಮೊದಲು ಹಾಕಿದೆ. ಹೆಸರಿನ ಜಾಗದಲ್ಲಿ ಮಾಮೂಲಿ ಹೆಸರೇ.

ಚಿಪ್ಪುಹಂದಿಯ ಬಗ್ಗೆ ಬರೆದದ್ದು ಇದು:

"ರಾತ್ರಿ 9.40ರ ಹೊತ್ತಿಗೆ, ಡಾಂಬರು ರಸ್ತೆ, ಮಳೆ ನಿಂತು ಒಂದು ಗಂಟೆ ಆಗಿತ್ತು. ಬೈಕಿನ ದೀಪ ನೇರವಾಗಿ ಬಿದ್ದಿತ್ತು. ಸುಮಾರು 12 ಮೀಟರ್ ದೂರ. ಬಲದಿಂದ ಎಡಕ್ಕೆ ನಿಧಾನವಾಗಿ ನಡೆಯಿತು, ಓಡಲಿಲ್ಲ. ಬೆನ್ನು ಬಿಲ್ಲಿನ ಹಾಗೆ ಬಾಗಿತ್ತು. ಬಾಲ ಬುಡದಲ್ಲಿ ದೇಹದಷ್ಟೇ ದಪ್ಪ, ನೆಲದಿಂದ ಸ್ವಲ್ಪ ಮೇಲೆ. ಮೈಮೇಲೆ ಒಂದರ ಮೇಲೊಂದು ಹೆಂಚು ಹೊದಿಸಿದ ಹಾಗೆ ಅಂಚುಗಳು ಹೊಳೆದವು. ಮುಳ್ಳು ಕಾಣಲಿಲ್ಲ. ಮುಖ ಕಾಣಲಿಲ್ಲ, ತಲೆ ತಗ್ಗಿತ್ತು. ಸದ್ದು ಕೇಳಲಿಲ್ಲ, ಬೈಕ್ ಚಾಲೂ ಇತ್ತು. ಉದ್ದ ಒಂದು ಮೀಟರ್. ಚಿಪ್ಪುಹಂದಿ ಅಂತ ನನ್ನ ಅಭಿಪ್ರಾಯ."

ಗೆಳೆಯನೂ ಬೇರೆ ಬರೆದ. ಹೆಂಚಿನ ಹಾಗೆ ಅನ್ನುವ ಮಾತು ಅವನದ್ದರಲ್ಲೂ ಇದೆ. ಆದರೆ ಅವನು ಎಡದಿಂದ ಬಲಕ್ಕೆ ಅಂತ ಬರೆದಿದ್ದಾನೆ, ಏನು ಮಾಡಲಿ?

---

ಹಳೇದುರ್ಬೀನು

ಎರಡನ್ನೂ ಹಾಗೇ ಇಡಿ. ಒಂದನ್ನು ತಿದ್ದಿ ಇನ್ನೊಂದಕ್ಕೆ ಹೊಂದಿಸಬೇಡಿ. "ದಿಕ್ಕಿನ ಬಗ್ಗೆ ಇಬ್ಬರಲ್ಲಿ ಒಮ್ಮತವಿಲ್ಲ" ಅಂತ ಒಂದು ಸಾಲು ಸೇರಿಸಿ. ಹೆಂಚು, ಬಾಗಿದ ಬೆನ್ನು, ದಪ್ಪ ಬಾಲ, ಇದು ಚೆನ್ನಾಗಿದೆ, ನನಗೆ ನಂಬಿಕೆ ಬಂತು.

ಒಂದೇ ಒಂದು ಕಡೆ ನಿಂತೆ. "ಉದ್ದ ಒಂದು ಮೀಟರ್" ಅಂದಿರಿ. ಅದು ಅಂದಾಜಾ, ಅಥವಾ ಪುಸ್ತಕದಲ್ಲಿ ಓದಿ ಬಂದದ್ದಾ?

---

ದಾರಿಹೋಕ

ಸರ್, ಪುಸ್ತಕದಲ್ಲಿ ಓದಿದ್ದು. ಬರೆಯುವಾಗ ನನಗೇ ಗೊತ್ತಾಗಲಿಲ್ಲ.

ಇವತ್ತು ಬೆಳಿಗ್ಗೆ ಗೆಳೆಯನ ಜೊತೆ ಟೇಪ್ ಹಿಡಿದು ಹೋಗಿದ್ದೆ. ಡಾಂಬರಿನ ಅಗಲ 3.2 ಮೀಟರ್ ಇದೆ. ಪ್ರಾಣಿ ಮಧ್ಯಕ್ಕೆ ಬಂದಾಗ ಮೂಗಿನಿಂದ ಬಾಲದ ತುದಿವರೆಗೆ ರಸ್ತೆಯ ಮೂರರಲ್ಲಿ ಒಂದು ಭಾಗದಷ್ಟು ತುಂಬಿತ್ತು, ಅಷ್ಟು ನನಗೆ ಚೆನ್ನಾಗಿ ನೆನಪಿದೆ, ಗೆಳೆಯನನ್ನು ಬೇರೆಯಾಗಿ ಕೇಳಿದಾಗ ಅವನೂ ಅಷ್ಟೇ ಅಂದ. "ಒಂದು ಮೀಟರ್" ಹೊಡೆದುಹಾಕಿ, "3.2 ಮೀಟರ್ ಅಗಲದ ರಸ್ತೆಯಲ್ಲಿ ಸುಮಾರು ಮೂರನೇ ಒಂದು ಭಾಗ, ರಸ್ತೆ ಮರುದಿನಗಳಲ್ಲಿ ಅಳೆದದ್ದು" ಅಂತ ಬರೆದಿದ್ದೇನೆ. ಎಡಗಡೆ ರಸ್ತೆಯಿಂದ ನಾಲ್ಕು ಹೆಜ್ಜೆ ಆಚೆ ಒಂದು ಬಗೆದ ಹುತ್ತ ಇದೆ. ಮಣ್ಣು ಒಣಗಿತ್ತು, ಗೆದ್ದಲು ಅರ್ಧದಷ್ಟು ಮತ್ತೆ ಕಟ್ಟಿಕೊಂಡಿದ್ದವು. ಪಟ್ಟಿ ಇಟ್ಟು ಮೂರು ಫೋಟೋ ತೆಗೆದು ವಾಪಸ್ ಬಂದೆವು.